ತಪ್ಪು ಸಾಬೀತಾದ ಮೇಲೂ ಬಾಂಡ್ ಬರೆಸಿ ಬಿಟ್ಟರೆ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಓದುಗರ ಪತ್ರ, ಸಂಕ್ಷಿಪ್ತವಾಗಿ: "ತಂಗಿಯ ಗಂಡನ ಮೇಲೆ 498ಎ ಮತ್ತು 323ರ ಕೇಸು ವರ್ಷಗಟ್ಟಲೆ ನಡೆಯಿತು. ಕೊನೆಗೆ ಕಳೆದ ತಿಂಗಳು ಮ್ಯಾಜಿಸ್ಟ್ರೇಟ್ ಕೋರ್ಟು ಅವನು ತಪ್ಪಿತಸ್ಥ ಎಂದಿತು. ಅದೇ ದಿನ ಮೊದಲ ಅಪರಾಧ, ವಯಸ್ಸಾದ ತಂದೆತಾಯಿ ಇದ್ದಾರೆ, ಸರ್ಕಾರಿ ಕೆಲಸ ಹೋಗುತ್ತದೆ ಎಂದು ಒಂದು ವರ್ಷದ ಬಾಂಡ್ ಬರೆಸಿಕೊಂಡು ಬಿಟ್ಟುಬಿಟ್ಟರು. ಪರಿಹಾರದ ಮಾತೇ ಇಲ್ಲ. ತಂಗಿ ಅಲ್ಲೇ ಕೂತಿದ್ದಳು, ಅವಳನ್ನು ಯಾರೂ ಏನೂ ಕೇಳಲಿಲ್ಲ. ಇಂಥವರಿಗೆ ಕನಿಷ್ಠ ಇಷ್ಟು ವರ್ಷ ಜೈಲು ಎಂದು ಕಾನೂನು ಬರಬೇಕು. ನಿಮ್ಮ ಪತ್ರಿಕೆ ಇದನ್ನು ಯಾಕೆ ಬರೆಯುವುದಿಲ್ಲ?"

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ತಂಗಿಯ ಗುರುತು ಸಿಗುವಂಥ ವಿವರಗಳನ್ನೂ ತೆಗೆದಿದ್ದೇವೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಕನಿಷ್ಠ ಶಿಕ್ಷೆ ಎಂಬ ನಿಮ್ಮ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ, ಆ ದಿನ ಆ ಕೋರ್ಟಿನಲ್ಲಿ ಆದದ್ದೇನು ಎಂದು ಬಿಡಿಸಿ ನೋಡಬೇಕು.

ಹಳೇ ಭಾರತೀಯ ದಂಡ ಸಂಹಿತೆಗೆ (ಐಪಿಸಿ) 498ಎ ಸೆಕ್ಷನ್ ಬಂದದ್ದು 1983ರಲ್ಲಿ. ಗಂಡ ಅಥವಾ ಅವನ ಮನೆಯವರು ಕ್ರೌರ್ಯ ಮಾಡಿದರೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ, ಶಿಕ್ಷೆ ಮಾತ್ರ ಅಷ್ಟೇ ಇದೆ. 323 ಅಂದರೆ ಹೊಡೆದು ನೋಯಿಸಿದ್ದಕ್ಕೆ. ಹಳೇ ಕಾಯ್ದೆಯಲ್ಲಿ ಅದಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡರಲ್ಲೂ ಮೇಲಿನ ಮಿತಿ ಇದೆ, ಕೆಳಗಿನ ಮಿತಿ ಇಲ್ಲ. ಹಾಗಾಗಿ ಮೂರು ವರ್ಷ ಜೈಲಿನಿಂದ ಹಿಡಿದು ಕೋರ್ಟ್ ಏಳುವ ತನಕ ಕೂರಿಸಿ ಕಳಿಸುವವರೆಗೆ ಏನು ಬೇಕಾದರೂ ಆಗಬಹುದು. ಯಾವ ಪ್ರಕರಣಕ್ಕೆ ಎಷ್ಟು ಅನ್ನುವುದಕ್ಕೆ ನಮ್ಮಲ್ಲಿ ಮಾರ್ಗಸೂಚಿ ಇಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಅಂಥದ್ದು ಬೇಕು ಎಂದಿತ್ತು. (ಅದೇ ಸಮಿತಿ 498ಎಗೆ ಜಾಮೀನು ಸಿಗಬೇಕು, ರಾಜಿಗೂ ಅವಕಾಶ ಇರಬೇಕು ಎಂದೂ ಹೇಳಿತ್ತು. ಆ ಮಾತು ನನಗೆ ಒಪ್ಪಿಗೆಯಿಲ್ಲ.) ಇಪ್ಪತ್ತು ವರ್ಷ ದಾಟಿದರೂ ಮಾರ್ಗಸೂಚಿ ಬಂದಿಲ್ಲ.

ನಿಮ್ಮ ತಂಗಿಯ ಗಂಡನನ್ನು ಬಿಟ್ಟದ್ದು 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಅಡಿಯಲ್ಲಿ, ಅಂದರೆ ಜೈಲಿನ ಬದಲು ಒಳ್ಳೇ ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ಕಾನೂನಿನಲ್ಲಿ. ಕಾಯ್ದೆ ಕೆಟ್ಟದ್ದಲ್ಲ. ಮೊದಲ ಸಲ ಎಡವಿದ ಹುಡುಗ ಜೈಲಿಗೆ ಹೋಗಿ ಪಳಗಿದವರ ಜೊತೆ ಸೇರಿ ಇನ್ನಷ್ಟು ಹಾಳಾಗಬಾರದು ಅನ್ನುವ ಒಳ್ಳೆಯ ಯೋಚನೆಯಿಂದ ಬಂದದ್ದು. ತೊಂದರೆ ಇರುವುದು ಅದೇ ಅಳತೆಯನ್ನು ಹೆಂಡತಿಗೆ ಹೊಡೆಯುವವನಿಗೆ ಹಿಡಿದಾಗ.

"ಮೊದಲ ಅಪರಾಧ" ಎಂದರಂತೆ. ಪೊಲೀಸ್ ದಾಖಲೆಯ ಪ್ರಕಾರ ಮೊದಲನೆಯದು, ನಿಜ. ಆದರೆ ಒಂದು ದಿನದ ಒಂದು ಏಟಿಗೆ 498ಎ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ. ಹೆಂಗಸು ಪ್ರಾಣ ಕಳೆದುಕೊಳ್ಳುವ ಮಟ್ಟಕ್ಕೆ, ಇಲ್ಲವೇ ಅವಳ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿಯಾಗುವ ಮಟ್ಟಕ್ಕೆ ನಡೆದುಕೊಂಡಿದ್ದಾನೆ, ಅಥವಾ ದುಡ್ಡು ಆಸ್ತಿಗಾಗಿ ಪೀಡಿಸಿದ್ದಾನೆ ಅಂತ ಸಾಬೀತಾಗಬೇಕು. ಅದು ಸಾಬೀತಾದ ಮೇಲೆ ಅದೇ ಮನುಷ್ಯನನ್ನು ಮೊದಲ ಸಲ ತಪ್ಪಿದವನು ಎಂದು ಕರೆಯುವುದು ಹೇಗೆ? ಅವಳು ಹೇಳದೆ ಸಹಿಸಿಕೊಂಡ ಅಷ್ಟೂ ವರ್ಷಗಳು ಅವನ ಒಳ್ಳೇ ನಡತೆಯ ಖಾತೆಗೆ ಜಮೆಯಾಗುತ್ತಿವೆ. ಈ ಪತ್ರ ಓದಿದ ಮೇಲೆ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಆಫೀಸಿನಲ್ಲಿ ಒಳ್ಳೆಯವನು, ಊರಿನಲ್ಲಿ ಮರ್ಯಾದಸ್ಥ ಎನ್ನುವ ಮಾತೂ ಹಾಗೆಯೇ. ಹೊರಗೆ ಒಂದು ಮುಖ, ಒಳಗೆ ಒಂದು ಮುಖ ಇಟ್ಟುಕೊಳ್ಳಲು ಬರುವುದರಿಂದಲೇ ಇಂಥ ಹಿಂಸೆ ಅಷ್ಟು ದಿನ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಶಿಕ್ಷೆಯ ಮಾರ್ಗಸೂಚಿ ಇದನ್ನು ಬರೆದೇ ಹೇಳಿದೆ. ಹಿಂಸೆ ಪದೇಪದೇ ನಡೆದದ್ದು ಸಾಬೀತಾಗಿದ್ದರೆ ಹೊರಗಿನ ಒಳ್ಳೇ ಹೆಸರನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಮನೆಯೊಳಗೆ ನಡೆದದ್ದು ಅನ್ನುವುದು ಅಪರಾಧವನ್ನು ಹಗುರ ಮಾಡುವುದಿಲ್ಲ, ನಂಬಿದವಳಿಗೆ ಮಾಡಿದ ದ್ರೋಹವಾದ್ದರಿಂದ ಇನ್ನೂ ಗಂಭೀರ ಮಾಡುತ್ತದೆ. ಅಲ್ಲಿಯ ಕೋರ್ಟುಗಳು ಎಲ್ಲವನ್ನೂ ಸರಿಯಾಗಿ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಬರೆದಿಟ್ಟ ನಿಯಮ ಒಂದು ಇದ್ದರೆ ಅದನ್ನು ಮುಂದಿಟ್ಟು ವಾದ ಮಾಡಬಹುದು ಅಲ್ವಾ? ನಮ್ಮ ಎಪಿಪಿಯ (ಸರ್ಕಾರದ ಪರ ವಾದಿಸುವ ಸಹಾಯಕ ಸರ್ಕಾರಿ ಅಭಿಯೋಜಕರ) ಕೈಯಲ್ಲಿ ಅಂಥದ್ದೇನೂ ಇಲ್ಲ.

ಇನ್ನು ವಯಸ್ಸಾದ ತಂದೆತಾಯಿ. ಇದನ್ನು ಸುಮ್ನೆ ತಳ್ಳಿಹಾಕಲಾರೆ. ದುಡಿಯುವವನು ಜೈಲಿಗೆ ಹೋದರೆ ಮನೆಯವರೆಲ್ಲ ಕಷ್ಟಕ್ಕೆ ಬೀಳುತ್ತಾರೆ, ಎಷ್ಟೋ ಸಲ ಹೆಂಡತಿ ಮಕ್ಕಳೂ ಸೇರಿ. ಆದರೆ ಆ ಕಷ್ಟ ತೂಗುವಾಗ ನಿಮ್ಮ ತಂಗಿಯ ಕಡೆಯ ಕಷ್ಟವನ್ನು ತಕ್ಕಡಿಗೆ ಹಾಕಿದವರು ಯಾರು? ಕೋರ್ಟಿಗೆ ಅಲೆದ ವರ್ಷಗಳು, ಪ್ರತಿ ವಾಯಿದೆಗೂ ರಜೆ, ವಕೀಲರ ಫೀಸು, ರಾಜಿ ಮಾಡಿಕೋ ಎಂಬ ಒತ್ತಡ. ತಪ್ಪಿತಸ್ಥ ಎಂದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತನ್ನು ಕೇಳಲೇಬೇಕು ಅಂತ ಕಾನೂನಿದೆ. ಕೇಳಲಿ, ಅದು ಅವನ ಹಕ್ಕು. ಅವಳನ್ನು ಕೇಳಲೇಬೇಕು ಅಂತ ಮಾತ್ರ ಎಲ್ಲೂ ಇಲ್ಲ.

ಅಷ್ಟೇ ಅಲ್ಲ, ಈ ವಿಷಯ ಬಹಳ ಜನಕ್ಕೆ ತಿಳಿದೇ ಇಲ್ಲ. 2009ರ ಕೊನೆಯ ದಿನದಿಂದ ನೊಂದವರಿಗೂ ಅಪೀಲು ಹಾಕುವ ಹಕ್ಕು ಬಂತು. ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧಕ್ಕಷ್ಟೇ ತಪ್ಪಿತಸ್ಥ ಎಂದರೆ, ಅಥವಾ ಪರಿಹಾರ ಕಡಿಮೆಯಾದರೆ ಅವರು ಅಪೀಲು ಹೋಗಬಹುದು. ಶಿಕ್ಷೆ ಕಡಿಮೆಯಾಯಿತು ಎಂದು ಮಾತ್ರ ಹೋಗುವಂತಿಲ್ಲ. ಸುಪ್ರೀಂ ಕೋರ್ಟು 2020ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು: ಶಿಕ್ಷೆ ಸಾಲದು ಎಂದು ಅಪೀಲು ಹಾಕುವುದು ಸರ್ಕಾರದ ಕೆಲಸ. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದನ್ನೇ ಮುಂದುವರಿಸಿದ್ದಾರೆ. ಏಟು ತಿಂದವಳು ಅವಳು, ಸಾಕ್ಷಿ ಹೇಳಿದವಳು ಅವಳು, ಶಿಕ್ಷೆಯ ಬಗ್ಗೆ ತಕರಾರು ಎತ್ತುವ ಹಕ್ಕು ಮಾತ್ರ ಅವಳ ಫೈಲನ್ನು ಸರಿಯಾಗಿ ಓದಿಯೂ ಇರದ ಇಲಾಖೆಗೆ. ಮೊದಲು ತಿದ್ದಬೇಕಾದ್ದು ಇದನ್ನು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಕನಿಷ್ಠ ಶಿಕ್ಷೆ ಯಾಕೆ ಬೇಡ ಎನ್ನುತ್ತೇನೆ? ಎರಡು ಕಾರಣ. ಇಷ್ಟು ವರ್ಷ ಜೈಲು ಕೊಡಲೇಬೇಕು ಎಂದು ಕಾನೂನು ಕೈ ಕಟ್ಟಿದರೆ, ಕೊಡಲು ಮನಸ್ಸಿಲ್ಲದ ನ್ಯಾಯಾಧೀಶರು ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡುವ ಅಪಾಯವಿದೆ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಉಲ್ಲೇಖಿಸಿದ ಅಂಕಿ ನೋಡಿ. 498ಎ ಪ್ರಕರಣಗಳಲ್ಲಿ ಚಾರ್ಜ್‌ಶೀಟ್ ಆಗುವುದು 93.6%, ಶಿಕ್ಷೆಯಾಗುವುದು 15%. ಇದನ್ನು ತೋರಿಸಿ ಎಲ್ಲ ಸುಳ್ಳು ಕೇಸು ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಸಾಕ್ಷಿ ಹೇಳಬೇಕಾದ ನೆಂಟರು ತಿರುಗಿಬೀಳುತ್ತಾರೆ, ಎಷ್ಟೋ ಕೇಸು ರಾಜಿಯಲ್ಲಿ ಮುಗಿಯುತ್ತವೆ. ಏನೇ ಇರಲಿ, ಸುಳ್ಳು ಕೇಸಿನ ಸಂಶಯಕ್ಕೆ ವಿಚಾರಣೆಯಲ್ಲಿ ಜಾಗವಿದೆ. ಅಷ್ಟೆಲ್ಲ ಜರಡಿ ದಾಟಿ ಸಾಬೀತಾದ ಮೇಲೂ ಅದೇ ಸಂಶಯವನ್ನು ಮನಸ್ಸಿನಲ್ಲಿಟ್ಟು ಶಿಕ್ಷೆ ಇಳಿಸುವುದು ಅನ್ಯಾಯ.

ಎರಡನೆಯ ಕಾರಣ ಹೆಂಗಸರೇ. ನಮಗೆ ಬರೆಯುವ ಬಹಳಷ್ಟು ಮಂದಿಗೆ ಬೇಕಾಗಿರುವುದು ಹೊಡೆತ ನಿಲ್ಲುವುದು, ಮನೆಯಲ್ಲಿ ಇರುವ ಹಕ್ಕು, ಮಕ್ಕಳ ಖರ್ಚು. ದೂರು ಕೊಟ್ಟರೆ ಗಂಡ ಇಷ್ಟು ವರ್ಷ ಜೈಲಿಗೆ ಹೋಗುವುದು ಖಂಡಿತ ಅಂತಾದರೆ ಇವರಲ್ಲಿ ಎಷ್ಟೋ ಮಂದಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ 44.4%. ದೇಶದ ಸರಾಸರಿ 29.3%. ಇವರಲ್ಲಿ ಕೋರ್ಟಿನವರೆಗೆ ಬರುವವರು ತೀರಾ ಕಡಿಮೆ. ಆ ದಾರಿ ಇನ್ನೂ ಕಿರಿದಾಗುವುದು ನನಗೆ ಬೇಡ.

ನನ್ನ ಬೇಡಿಕೆ ಬೇರೆ. ಬಿಡುವುದಾದರೆ ಯಾಕೆ ಬಿಡುತ್ತಿದ್ದೇವೆ ಅಂತ ಕಾರಣ ಬರೆಯಲಿ, ಅವಳ ಮಾತು ಕೇಳಿ ಬರೆಯಲಿ. ಬಿಟ್ಟ ಮೇಲೆ ಷರತ್ತು ಹಾಕಲಿ. ಪ್ರೊಬೇಷನ್ ಕಾಯ್ದೆಯಲ್ಲಿ ಇದಕ್ಕೆ ಜಾಗ ಇದ್ದೇ ಇದೆ. ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಡಬಹುದು. ಎಲ್ಲಿ ವಾಸ ಮಾಡಬೇಕು ಎನ್ನಬಹುದು, ಕುಡಿಯಬಾರದು ಎನ್ನಬಹುದು, ಅದೇ ಅಪರಾಧ ಮತ್ತೆ ಆಗದಂತೆ ಬೇರೆ ಷರತ್ತೂ ಹಾಕಬಹುದು. 5ನೇ ಸೆಕ್ಷನ್ ಪ್ರಕಾರ ನೊಂದವಳಿಗೆ ಪರಿಹಾರ ಕೊಡಿಸಬಹುದು. ನೀವು ಕಳಿಸಿದ ಆದೇಶದ ಪ್ರತಿ ಓದಿದೆ. ಇದ್ಯಾವುದೂ ಅದರಲ್ಲಿ ಇಲ್ಲ. "ಒಳ್ಳೆಯ ನಡತೆಯಿಂದ ಇರತಕ್ಕದ್ದು" ಎಂಬ ಒಂದು ಸಾಲು, ಜಾಮೀನುದಾರರ ಸಹಿ, ಅಷ್ಟೇ.

ಷರತ್ತು ಮುರಿದರೆ? 9ನೇ ಸೆಕ್ಷನ್ ಪ್ರಕಾರ ಕೋರ್ಟು ಅವನನ್ನು ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮುರಿದದ್ದು ಮೊದಲ ಸಲವಾದರೆ ಬಾಂಡ್ ಹಾಗೇ ಇಟ್ಟು ದಂಡ ಹಾಕಿಯೂ ಬಿಡಬಹುದು. ಆ ದಂಡದ ಗರಿಷ್ಠ ಮಿತಿ 50 ರೂಪಾಯಿ. ಹೌದು, 1958ರಲ್ಲಿ ಬರೆದ 50 ರೂಪಾಯಿ. ಸಂಸತ್ತಿಗೆ ಹೊಸ ಕಾನೂನು ತರುವ ಹುಮ್ಮಸ್ಸಿದ್ದರೆ ಇಲ್ಲಿಂದ ಶುರು ಮಾಡಲಿ.

ಈಗ ನಿಮ್ಮ ತಂಗಿಯ ವಿಷಯ. ತಡ ಮಾಡಬೇಡಿ, ಎಲ್ಲದಕ್ಕೂ ಗಡುವಿದೆ. ಸರ್ಕಾರದ ಕಡೆಯಿಂದ ಅಪೀಲು ಹೋಗಬೇಕು ಎಂದು ಎಪಿಪಿಗೆ, ಅವರ ಇಲಾಖೆಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಪ್ರೊಬೇಷನ್ ಆದೇಶವನ್ನು ರದ್ದು ಮಾಡಿ ಶಿಕ್ಷೆ ಕೊಡುವ ಅಧಿಕಾರ ಮೇಲಿನ ಕೋರ್ಟಿಗೆ ಅದೇ ಪ್ರೊಬೇಷನ್ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿದೆ. ಹಾಗಾಗಿ ರಿವಿಜನ್ ಅರ್ಜಿಯ (ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು ಮರುಪರಿಶೀಲಿಸಲಿ ಎಂಬ ಅರ್ಜಿ) ಬಗ್ಗೆಯೂ ವಕೀಲರನ್ನು ಕೇಳಿ, ಅದಕ್ಕೆ 90 ದಿನ ಇರುತ್ತದೆ. ಪರಿಹಾರದ ಪ್ರಶ್ನೆಯನ್ನು ಅದರ ಜೊತೆಗೇ ಎತ್ತಿ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಅವನು ಈಗಲೂ ಮನೆ ಹತ್ತಿರ ಬಂದು ಬೆದರಿಸುತ್ತಾನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಬಾಂಡ್ ಅವಧಿಯಲ್ಲಿ ಹೀಗೆ ಮಾಡಿದರೆ ದಿನಾಂಕ ಹಾಕಿ ಬರೆದಿಡಿ, ಅದೇ ಕೋರ್ಟಿಗೆ ತಿಳಿಸಿ. ಅದರ ಜೊತೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾ ಆದೇಶಕ್ಕೆ ಅರ್ಜಿ ಹಾಕಿ. ಕ್ರಿಮಿನಲ್ ಕೇಸು ಮುಗಿದಿದೆ ಅನ್ನುವುದು ಇದಕ್ಕೆ ಅಡ್ಡಿಯಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇಲ್ಲಿ ಸಂರಕ್ಷಣಾಧಿಕಾರಿ, ಅರ್ಜಿ ತುಂಬಲು ಅವರು ನೆರವಾಗಬೇಕು. ಆ ಆದೇಶ ಕೈಗೆ ಬಂದ ಮೇಲೆ ಅವನು ಮುರಿದರೆ ಅದೇ ಹೊಸ ಅಪರಾಧ: 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ನಿಮ್ಮ ತಂಗಿಯ ಸಾಕ್ಷಿ ಒಂದೇ ಸಾಕಾಗಬಹುದು. ಠಾಣೆಯಲ್ಲಿ "ಕೋರ್ಟಿಗೇ ಹೋಗಿ ಹೇಳಿ" ಎಂದರೆ 31 ಮತ್ತು 32ನೇ ಸೆಕ್ಷನ್ ತೋರಿಸಿ. ಆಗಲೂ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆಯಿರಿ, ನಮಗೂ ಒಂದು ಪ್ರತಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಪ್ರಕಟಿಸುತ್ತೇವೆ, ಆಗಲೂ ಹೆಸರಿಲ್ಲದೆ.