ಬಯೋಎಂಜಿನಿಯರಿಂಗ್ ಲ್ಯಾಬ್ ಸೇರಲು ಬಯಾಲಜಿ ಸಾಕಾ? ಹುತ್ತರಿಗೆ ಮಡಿಕೇರಿಗೆ ಬರಲು ರಜೆ ಸಿಗುತ್ತಾ?

ಬಯಾಲಜಿ ಸಾಕು. ಪಕ್ಕದ ಮೇಜಿನಲ್ಲಿ ಮೆಕ್ಯಾನಿಕಲ್ ಓದಿದವರು, ಕೋಡ್ ಬರೆಯುವವರು, ಕೆಲವೊಮ್ಮೆ ಡಾಕ್ಟರೂ ಇರುತ್ತಾರೆ. ಗೈಡ್ ಪ್ರೊಫೆಸರ್ ಆದರೂ ಕೈಹಿಡಿದು ಕೆಲಸ ಕಲಿಸುವುದು ಜಾಸ್ತಿ ಸೀನಿಯರ್ ಪಿಎಚ್‌ಡಿಗಳೇ.

ರಜೆಯದ್ದೇ ಸ್ವಲ್ಪ ತಲೆಬಿಸಿ. ಲ್ಯಾಬ್‌ನಲ್ಲಿ ಸಾಕುವ ಮನುಷ್ಯರ ಜೀವಕೋಶಗಳು 37 ಡಿಗ್ರಿ ಶಾಖ, 5% ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಬೆಳೆಯುತ್ತವೆ. ಸಾಮಾನ್ಯವಾಗಿ ಎರಡು-ಮೂರು ದಿನಕ್ಕೊಮ್ಮೆ ಮೀಡಿಯಾ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ, ಬದಲಿಸಬೇಕು. ಅವಕ್ಕೆ ಹುತ್ತರಿಯೂ ಇಲ್ಲ, ಭಾನುವಾರವೂ ಇಲ್ಲ! ಹಾಗಾಗಿ ಸರದಿ ಹಾಕಿಕೊಳ್ಳುತ್ತಾರೆ. ನೀವು ಕದಿರು ತೆಗೆಯುವಾಗ ಕೇರಳದ ಗೆಳತಿ ನಿಮ್ಮ ಕೋಶಗಳಿರುವ ಪ್ಲೇಟ್ ನೋಡಿಕೊಳ್ಳುತ್ತಾಳೆ. ಓಣಂಗೆ ಅವಳದ್ದು ನೀವು. ರಜೆ ಉದ್ದವಾದರೆ ಕೋಶಗಳನ್ನು ದ್ರವ ಸಾರಜನಕದಲ್ಲಿ ಫ್ರೀಜ್ ಮಾಡಿಡಬಹುದು.

ಒಂದು ವಿಷಯಕ್ಕೆ ಮಾತ್ರ ಎಂಥ ಗೆಳೆಯರೂ ಗದರುತ್ತಾರೆ: ಗ್ಲೌಸ್‌ಗೆ 70% ಆಲ್ಕೋಹಾಲ್ ಸಿಂಪಡಿಸದೆ ಹುಡ್‌ನೊಳಗೆ (ಕೋಶಗಳ ಕೆಲಸ ಮಾಡುವ ಶುದ್ಧ ಗಾಳಿಯ ಪೆಟ್ಟಿಗೆ) ಕೈ ಹಾಕಿದರೆ. ಒಬ್ಬರ ಫಂಗಸ್ ಎಲ್ಲರ ಪ್ಲೇಟಿಗೂ ಹಬ್ಬಬಹುದು, ಅಲ್ವಾ?