ಸಂಘದವರು ಏನೆಂದಾರು?

“ಮಗಳು ಈ ವರ್ಷ ಹತ್ತನೆಯ ತರಗತಿ ಮುಗಿಸುತ್ತಾಳೆ. ಮುಂದಿನ ಎರಡು ವರ್ಷ, ಹೈಸ್ಕೂಲಿನವರಿಗೆ ಕಾಲೇಜಿನಲ್ಲಿ ಓದಲು ಬಿಡುವ ರನ್ನಿಂಗ್ ಸ್ಟಾರ್ಟ್ ಯೋಜನೆಯಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಾಳೆ. ಹೈಸ್ಕೂಲಿನಲ್ಲೇ ಇದ್ದು, ಕಾಲೇಜು ಮಟ್ಟದ ಪಾಠ ಓದಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆ ಬರೆಯಲಿ ಎಂಬುದು ಯಜಮಾನರ ಹಟ. ಎರಡರಲ್ಲೂ ಕಾಲೇಜಿನ ಕ್ರೆಡಿಟ್ ಸಿಗುತ್ತದಂತೆ. ಆದರೆ ಯಾರು ಬೇಕಾದರೂ ಸೇರಬಹುದಾದ ಕಮ್ಯುನಿಟಿ ಕಾಲೇಜು ಎಂದರೆ ಕನ್ನಡ ಸಂಘದಲ್ಲಿ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನಗೂ ಇದೆ. ತಾವು ಏನು ಹೇಳುತ್ತೀರಿ?”
— ಓದುಗರೊಬ್ಬರು, ಬಾಥೆಲ್, ವಾಷಿಂಗ್ಟನ್ ರಾಜ್ಯ

ತಾಯಿ, ಸಂಘದ ಮಾತು ಎತ್ತದೇ ಇದ್ದಿದ್ದರೆ ‘ಶಾಲೆಯ ಕೌನ್ಸೆಲರನ್ನು ಕೇಳಿ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. ಎತ್ತಿದ್ದೀರಿ, ಈಗ ಪೂರ್ತಿ ಕೇಳಿಸಿಕೊಳ್ಳಬೇಕು.

ಯಜಮಾನರಿಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಎಪಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳು ಅದನ್ನು ಚೆನ್ನಾಗಿ ಬಲ್ಲವು; ಹೈಸ್ಕೂಲಿನ ಲೆಕ್ಕಕ್ಕೂ ಸೇರಿದ ಕಾಲೇಜು ಕ್ರೆಡಿಟ್‌ಗಳನ್ನು ಅವುಗಳಲ್ಲಿ ಹಲವು ಒಪ್ಪುವುದಿಲ್ಲ. ಈಸ್ಟ್ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಬೊಲಿವಿಯಾದಿಂದ ಬಂದ ಮೇಷ್ಟ್ರು ಹೈಮೆ ಎಸ್ಕಲಾಂಟೆ ಬಡವರ ಮಕ್ಕಳಿಗೆ ಎಪಿ ಕ್ಯಾಲ್ಕುಲಸ್ ಕಲಿಸಿದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಪಾಸಾದಾಗ, 14 ಮಂದಿ ನಕಲು ಹೊಡೆದಿದ್ದಾರೆಂದು ಪರೀಕ್ಷೆ ನಡೆಸಿದವರು ಶಂಕಿಸಿದರು. 12 ಮಂದಿ ಮತ್ತೆ ಕುಳಿತು ಬರೆದು ಮತ್ತೆ ಪಾಸಾದರು. ಆ ಮೇಷ್ಟ್ರಿಗೆ ಕೈಮುಗಿಯುತ್ತೇನೆ. ಎಪಿಯ ಬಗೆಗಿನ ನನ್ನ ಭಕ್ತಿ ಅಲ್ಲಿಗೆ ಮುಗಿಯಿತು.

ಅದು ಹುಟ್ಟಿದ್ದು ಯಾರಿಗಾಗಿ? ಆಂಡೋವರ್, ಎಕ್ಸೆಟರ್‌ಗಳಂಥ ಸಿರಿವಂತ ಶಾಲೆಗಳ ಹುಡುಗರು ಹಾರ್ವರ್ಡ್, ಯೇಲ್ ಸೇರಿ, ಓದಿದ್ದನ್ನೇ ಮತ್ತೆ ಓದಿ ಆಕಳಿಸುತ್ತಿದ್ದರು. ಅದನ್ನು ತಪ್ಪಿಸಲು ಫೋರ್ಡ್ ಫೌಂಡೇಶನ್ನಿನ ಹಣದಲ್ಲಿ ಶುರುವಾದ ಪ್ರಯೋಗವನ್ನು 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಪರೀಕ್ಷಾ ಸಂಸ್ಥೆ ವಹಿಸಿಕೊಂಡಿತು. ಉದ್ದೇಶ ಒಳ್ಳೆಯದೇ. ಈಗ ನಮ್ಮವರ ಮನೆಗಳಲ್ಲಿ ಏನಾಗಿದೆ ನೋಡಿ: ಏಪ್ರಿಲ್ ಬಂದರೆ ಮಕ್ಕಳ ಮುಖ ಕಾಣುವುದಿಲ್ಲ, ಶನಿವಾರ ಭಾನುವಾರ ಕೋಚಿಂಗು, ಮೇ ತಿಂಗಳಲ್ಲಿ ಪರೀಕ್ಷೆ, ಜೂನಿನಲ್ಲಿ ಮರೆವು. ಐದಕ್ಕೆ ಐದು ಪಡೆದು ಬಂದ ನೂರಕ್ಕೂ ಹೆಚ್ಚು ಮಂದಿಗೆ ಡಾರ್ಟ್‌ಮತ್ ಕಾಲೇಜಿನ ಮನಶ್ಶಾಸ್ತ್ರ ವಿಭಾಗ ತನ್ನದೇ ಪರೀಕ್ಷೆ ಕೊಟ್ಟು ನೋಡಿತು. ನೂರಕ್ಕೆ ತೊಂಬತ್ತು ಮಂದಿ ಫೇಲು. 2013ರಲ್ಲಿ ಆ ಕಾಲೇಜು ಎಪಿಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸುವುದಾಗಿ ಸಾರಿತು. ಕಾಲೇಜ್ ಬೋರ್ಡ್ ಆ ಲೆಕ್ಕವನ್ನು ಪ್ರಶ್ನಿಸಿತು, ಪ್ರಶ್ನಿಸದೆ ಇನ್ನೇನು ಮಾಡೀತು!

ಇನ್ನು ನಿಮ್ಮ ಮಗಳ ದಾರಿ. ಮಿನ್ನೆಸೋಟ 1985ರಲ್ಲಿ ತೋರಿಸಿದ್ದನ್ನು ನೋಡಿ ವಾಷಿಂಗ್ಟನ್ ರಾಜ್ಯ 1990ರಲ್ಲಿ ರನ್ನಿಂಗ್ ಸ್ಟಾರ್ಟ್ ಕಾನೂನು ಮಾಡಿತು. ಹನ್ನೊಂದು, ಹನ್ನೆರಡನೆಯ ತರಗತಿಯವರಿಗೆ ಬೋಧನಾ ಶುಲ್ಕವಿಲ್ಲ. ಪುಸ್ತಕ, ಸಣ್ಣಪುಟ್ಟ ಶುಲ್ಕ, ಬಸ್ಸಿನ ಖರ್ಚು ನಿಮ್ಮದು. ಕಾಲೇಜಿನಲ್ಲಿ ಒಂದು ಕ್ವಾರ್ಟರ್, ಅಂದರೆ ಸುಮಾರು ಮೂರು ತಿಂಗಳು, ಓದಿದ ಐದು ಕ್ರೆಡಿಟ್ಟಿನ ವಿಷಯ ಹೈಸ್ಕೂಲಿನ ಒಂದಿಡೀ ವರ್ಷದ ಪಾಠಕ್ಕೆ ಸಮ. ತೊಂಬತ್ತು ಕ್ರೆಡಿಟ್ಟಾದರೆ ಎರಡು ವರ್ಷದ ಅಸೋಸಿಯೇಟ್ ಪದವಿಯೇ ಕೈಗೆ ಬರಬಹುದು.

ಆದರೆ ನನಗೆ ಮುಖ್ಯವಾದದ್ದು ಕ್ರೆಡಿಟ್ಟಲ್ಲ, ಪಕ್ಕದ ಬೆಂಚು. ನಮ್ಮ ನೆರೆಮನೆಯ ಹುಡುಗ ನಿಮ್ಮೂರಿನ ಕ್ಯಾಸ್ಕೇಡಿಯಾ ಕಾಲೇಜಿನಲ್ಲೇ ಓದಿದ. ಚಳಿಗಾಲದ ಸಂಜೆ ಸಾವಿರಾರು ಕಾಗೆಗಳು ಬಂದಿಳಿಯುತ್ತವಲ್ಲ, ಅದೇ ಆವರಣ. ಇಂಗ್ಲಿಷ್ ತರಗತಿಯಲ್ಲಿ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದಬೇಕಿತ್ತು. ಇವನು ಬಡತನದ ಮೇಲೆ ಭರ್ಜರಿಯಾಗಿ ಬರೆದಿದ್ದ. ಪಕ್ಕದಲ್ಲಿದ್ದವರು ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡುವ, ಅವನ ತಾಯಿಯ ವಯಸ್ಸಿನ ಹೆಂಗಸು. ಇಡೀ ಪ್ರಬಂಧದಲ್ಲಿ ಒಂದೇ ಒಂದು ವಾಕ್ಯಕ್ಕೆ ಅಡಿಗೆರೆ ಎಳೆದು, ‘ತಿಂಗಳ ಕೊನೆಯ ವಾರ ಬಸ್ಸಿಗೆ ಚಿಲ್ಲರೆ ಎಣಿಸಿದ್ದೀಯಾ?’ ಎಂದು ಅಂಚಿನಲ್ಲಿ ಬರೆದುಕೊಟ್ಟರಂತೆ. ಹುಡುಗ ಪ್ರಬಂಧವನ್ನು ಮೊದಲಿನಿಂದ ಬರೆದ. ಯಾವ ಕೋಚಿಂಗಿನಲ್ಲಿ ಇಂಥ ಪಕ್ಕದವರು ಸಿಗುತ್ತಾರೆ?

ಹದಿನಾರಕ್ಕೇ ಕಾಲೇಜೇ ಎಂದು ಯಜಮಾನರು ಬೆಚ್ಚಿದರೆ ಅವರದೇ ಪಿಯುಸಿಯನ್ನು ನೆನಪಿಸಿ. ಎಸ್ಸೆಸ್ಸೆಲ್ಸಿ ಮುಗಿಸಿ, ಮೀಸೆ ಚಿಗುರುವ ಮುನ್ನವೇ ನಾವೆಲ್ಲ ಕಾಲೇಜು ಮೆಟ್ಟಿಲು ಹತ್ತಿದವರು. ಎಷ್ಟೋ ಊರುಗಳಲ್ಲಿ ಡಿಗ್ರಿ ಓದುವವರೂ ನಾವೂ ಒಂದೇ ಕಾಂಪೌಂಡಿನೊಳಗೆ, ಒಂದೇ ಕ್ಯಾಂಟೀನಿನಲ್ಲಿ. ‘ಏನ್ರೀ, ಪ್ರಾಕ್ಟಿಕಲ್ ರೆಕಾರ್ಡ್ ಎಲ್ಲಿ?’ ಎಂದು ಉಪನ್ಯಾಸಕರು ಗದರಿಸಿದಾಗ, ಬೈಸಿಕೊಂಡರೂ ಒಂದು ಗೇಣು ಎತ್ತರವಾದಂತಿರುತ್ತಿತ್ತು.

ಈಗ ಸಂಘದವರು. ಯುಗಾದಿ ಊಟದ ಸಾಲಿನಲ್ಲಿ ಪುಳಿಯೋಗರೆ ಬಡಿಸಿಕೊಳ್ಳುತ್ತಾ ‘ನಿಮ್ಮವಳದು ಎಷ್ಟು ಎಪಿ?’ ಎಂದು ಕೇಳುವವರನ್ನು ನಾನೂ ಬಲ್ಲೆ. ಅವರಲ್ಲೇ ಕೆಲವರು ಕೆಲಸ ಹೋದಾಗ ಸಂಜೆ ತರಗತಿಗೆ ಅದೇ ಕಮ್ಯುನಿಟಿ ಕಾಲೇಜಿಗೆ ಸದ್ದಿಲ್ಲದೆ ಹೋಗಿಬಂದದ್ದೂ ಗೊತ್ತು. ಈ ಪತ್ರಿಕೆಗೆ ಪ್ರತಿ ಬೇಸಿಗೆ ಬರುವ ಅಭಿನಂದನೆ ಜಾಹೀರಾತುಗಳಲ್ಲಿ ಮಗುವಿನ ಹೆಸರಿಗಿಂತ ವಿಶ್ವವಿದ್ಯಾಲಯದ ಹೆಸರು ದಪ್ಪಕ್ಷರದಲ್ಲಿರಬೇಕು ಎಂದು ಸೂಚನೆ ಇರುತ್ತದೆ. ಮಕ್ಕಳು ಏನು ಕಲಿತರು ಎಂದು ಒಂದು ಸಾಲು ಸೇರಿಸಿ ಎಂದರೆ, ಅದಕ್ಕೂ ದುಡ್ಡಾಗುತ್ತದೆಯೇ ಎಂದು ಕೇಳುತ್ತಾರೆ!

ಒಂದು ಎಚ್ಚರಿಕೆ. ಎಪಿ ಅಂಕ ಕಡಿಮೆ ಬಂದರೆ ಸಾಮಾನ್ಯವಾಗಿ ಯಾರಿಗೂ ತೋರಿಸದೆ ಬಚ್ಚಿಡಬಹುದು. ರನ್ನಿಂಗ್ ಸ್ಟಾರ್ಟ್‌ನ ಗ್ರೇಡು ಕಾಲೇಜು ದಾಖಲೆಯಲ್ಲಿ ಕಾಯಂ, ಮುಂದೆ ವೈದ್ಯಕೀಯ ಕಾಲೇಜೂ ಅದನ್ನು ನೋಡುತ್ತದೆ. ಮೊದಲ ಕ್ವಾರ್ಟರ್ ಎರಡು ವಿಷಯ ಸಾಕು. ಎರಡು ವರ್ಷ ಉಳಿಯಿತು, ಇಪ್ಪತ್ತಕ್ಕೇ ಪದವಿ, ಇಪ್ಪತ್ತೊಂದಕ್ಕೆ ಸಂಬಳ ಎಂದು ಯಜಮಾನರು ಲೆಕ್ಕ ಹಾಕತೊಡಗಿದರೆ ದಯವಿಟ್ಟು ಕ್ಯಾಲ್ಕುಲೇಟರ್ ಕಿತ್ತಿಡಿ.

ಇಷ್ಟೆಲ್ಲ ಬರೆದಿದ್ದೀರಿ, ಮಗಳು ಅಲ್ಲಿ ಏನು ಓದಬೇಕೆಂದಿದ್ದಾಳೆ ಎಂಬುದನ್ನು ಮಾತ್ರ ಬರೆದಿಲ್ಲ. ಅವಳ ಕೈಯಲ್ಲೇ ಬರೆಸಿ ಕಳುಹಿಸಿ. ಕನ್ನಡದಲ್ಲಿ ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.