ಯೂಟ್ (ಪಿಕಪ್ ಗಾಡಿ) 3500 ಕೆಜಿ ಎಳೆಯುತ್ತದೆ, ಸರಿ. ಟ್ರೇಲರ್ ಎಷ್ಟು ಹೊರುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೆಲ್ಬರ್ನ್‌ನಲ್ಲಿದ್ದೀರಿ, ಆರೂವರೆ ಮೀಟರ್ ಫೈಬರ್‌ಗ್ಲಾಸ್ ಬೋಟ್ ನೋಡಿದ್ದೀರಿ, ಇನ್ನೂ ದುಡ್ಡು ಕೊಟ್ಟಿಲ್ಲ. ಬ್ರೋಷರ್‌ನಲ್ಲಿ ಬೋಟಿನ ತೂಕ 1450 ಕೆಜಿ ಎಂದಿದೆ. ಟ್ರೇಲರ್ ಫಲಕದ ಮೇಲೆ ಎಟಿಎಂ, ಅಂದರೆ ಹೊರೆ ಸಮೇತ ಟ್ರೇಲರ್ ತೂಗಬಹುದಾದ ಮಿತಿ, 2800. ನಿಮ್ಮ ಯೂಟ್ ಖಾಲಿ ಇದ್ದಾಗ 2250, ಜಿವಿಎಂ (ತುಂಬಿದ ಯೂಟ್ ತೂಗಬಹುದಾದ ಮಿತಿ) 3200, ಜಿಸಿಎಂ (ಯೂಟ್, ಟ್ರೇಲರ್ ಎರಡೂ ಸೇರಿದ ಮಿತಿ) 6000, ಎಳೆಯುವ ಮಿತಿ 3500. ಮನೆಯವರನ್ನೆಲ್ಲ ಕೂರಿಸಿಕೊಂಡು ಲೇಕ್ಸ್ ಎಂಟ್ರೆನ್ಸ್‌ಗೆ ಹೋದರೆ ಯೂಟ್ ತಡೆಯುತ್ತಾ ಎಂದು ಕೇಳಿದ್ದೀರಿ.

ಯೂಟ್ ತಡೆಯುತ್ತದೆ. ತಡೆಯದೇ ಇರೋದು ಟ್ರೇಲರ್.

ಬ್ರೋಷರ್‌ನ 1450 ಅನ್ನೋದು ಸಾಮಾನ್ಯವಾಗಿ ಬರೀ ಹಲ್‌ನ, ಅಂದರೆ ಬೋಟಿನ ಒಡಲಿನ, ತೂಕ. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಬ್ಯಾಟರಿ ಇಲ್ಲ. ಮಾರುವವರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಆದರೆ ಹಾಗೇ ಇರುತ್ತದೆ ಎಂದುಕೊಂಡೇ ಲೆಕ್ಕ ಹಾಕೋಣ. 200 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂದೆ ತೂಗುಹಾಕುವ ಇಂಜಿನ್) ಸುಮಾರು 230 ಕೆಜಿ. ಪೆಟ್ರೋಲ್ ಲೀಟರ್‌ಗೆ ಮುಕ್ಕಾಲು ಕೆಜಿ ಹತ್ತಿರ, ಅಂದರೆ 250 ಲೀಟರ್ ಟ್ಯಾಂಕ್ ತುಂಬಿಸಿದರೆ 185. ಬ್ಯಾಟರಿಗಳು 60. ಸಿಹಿನೀರು 40. ಲಂಗರು, ಅದರ ಸರಪಳಿ, ಹಗ್ಗ, ಲೈಫ್ ಜಾಕೆಟ್, ಗಾಳಗಳು, ಐಸ್ ತುಂಬಿದ ಎಸ್ಕಿ ಪೆಟ್ಟಿಗೆ, ಇವೆಲ್ಲ ಸೇರಿ 150 ಆಗೇ ಆಗುತ್ತದೆ. ಎರಡು ಆಕ್ಸಲ್‌ನ ಟ್ರೇಲರ್ ತಾನೇ 700. ಕೂಡಿ ನೋಡಿ, 2815. ಫಲಕದ ಮಿತಿ 2800. ಮನೆಯಿಂದ ಹೊರಡೋ ಮೊದಲೇ ಮಿತಿ ದಾಟಿದ್ದೀರಿ. ಎಟಿಎಂ ಅಂದರೆ ಬೋಟು, ಅದರೊಳಗಿನ ಸಾಮಾನು, ಟ್ರೇಲರ್ ಎಲ್ಲ ಸೇರಿದ ತೂಕ, ಬರೀ ಬೋಟಿನದ್ದಲ್ಲ.

ಈಗ ಯೂಟ್ ಕಡೆ ಬನ್ನಿ. ಖಾಲಿ 2250, ಬುಲ್ ಬಾರ್ (ಮುಂದಿನ ರಕ್ಷಣಾ ಕಂಬಿ) ಮತ್ತು ಕ್ಯಾನೊಪಿ (ಹಿಂದಿನ ತೊಟ್ಟಿಯ ಮುಚ್ಚುಗೂಡು) 100, ಐದು ಜನ 350, ಲಗೇಜು 100. ಒಟ್ಟು 2800. ಇದಕ್ಕೆ ಟ್ರೇಲರ್‌ನ 2815 ಸೇರಿಸಿದರೆ 5615, ಜಿಸಿಎಂ 6000ದ ಒಳಗೇ ಇದೆ. ಟ್ರೇಲರ್‌ನ ಮೂತಿ ಟೋ ಬಾಲ್ (ಟ್ರೇಲರ್ ಸಿಕ್ಕಿಸಲು ಯೂಟ್‌ನ ಹಿಂದಿರುವ ಗುಂಡು) ಮೇಲೆ ಒತ್ತುವ ಭಾರ ಯೂಟ್‌ನ ಜಿವಿಎಂಗೆ ಸೇರುತ್ತದೆ. ಹತ್ತು ಪರ್ಸೆಂಟ್ ಲೆಕ್ಕದಲ್ಲಿ 280 ಎಂದುಕೊಂಡರೆ 3080 ಆಯಿತು, ಇನ್ನೂ 120 ಉಳಿದಿದೆ. ಆದರೆ ಒಂದು ಮಾತು ಗಮನಿಸಿ. 6000ದಲ್ಲಿ 2800 ಕಳೆದರೆ 3200 ತಾನೇ ಉಳಿಯೋದು? ಅಂದರೆ ಮನೆಮಂದಿ ಜೊತೆ ಹೊರಟಾಗ ಆ 3500 ನಿಮಗೆ ಸಿಗುವುದೇ ಇಲ್ಲ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕೋದು ಮಾತ್ರ ಅದೇ ಅಂಕಿ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ, ಏಕೆಂದರೆ ಹೊಸಬರು ಅದನ್ನೇ ನಂಬಿ ಬೋಟ್ ಆರಿಸುತ್ತಾರೆ.

ಹಿಂದಿನ ಆಕ್ಸಲ್‌ನ ಮಿತಿಯನ್ನು ಬಹಳ ಜನ ನೋಡುವುದೇ ಇಲ್ಲ. ಟೋ ಬಾಲ್ ಹಿಂದಿನ ಚಕ್ರಕ್ಕಿಂತ ಒಂದು ಮೀಟರ್‌ಗೂ ಜಾಸ್ತಿ ಹಿಂದಕ್ಕಿರುತ್ತದೆ, ಹಾಗಾಗಿ ಅಲ್ಲಿ ಕೆಳಗೆ ಒತ್ತಿದರೆ ಯೂಟ್‌ನ ಮುಂಭಾಗ ಏಳುತ್ತದೆ. ಚಕ್ರಗಳ ನಡುವೆ 3.2 ಮೀಟರ್, ಬಾಲ್ 1.2 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಬಾಲ್ ಮೇಲೆ 280 ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 385 ಬೀಳುತ್ತದೆ, ಮುಂದಿನ ಚಕ್ರದಿಂದ 105 ಕಡಿಮೆಯಾಗುತ್ತದೆ. ಸ್ಟೀರಿಂಗ್ ಹಗುರ ಆದಂತೆ ಅನ್ನಿಸೋದು ಇದಕ್ಕೇ. ಕ್ಯಾನೊಪಿಯಲ್ಲೂ ಸಾಮಾನು ತುಂಬಿದ್ದರೆ ಜಿವಿಎಂ ಒಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ದಾಟಿರಬಹುದು. ಭಾರದ ಸಾಮಾನನ್ನು ಆದಷ್ಟು ಮುಂದಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡಿ.

ಹಾಗಂತ ಬಾಲ್ ಮೇಲಿನ ಭಾರ ತೀರಾ ಇಳಿಸಲೂ ಬೇಡಿ. ಬೋಟಿನಲ್ಲಿ ಇಂಜಿನ್ ತುತ್ತತುದಿಗೆ ನೇತಾಡುತ್ತಿರುತ್ತದೆ, ಆದ್ದರಿಂದ ಕಾರವಾನ್‌ಗಿಂತ ಬೋಟ್ ಟ್ರೇಲರ್‌ನ ಮೂತಿ ಹಗುರವಾಗೋದು ಸುಲಭ, ಮೂತಿ ಹಗುರವಾದರೆ ಟ್ರೇಲರ್ ಹಾವಿನ ಹಾಗೆ ಅತ್ತಿತ್ತ ಹರಿಯಲು ಶುರುಮಾಡುತ್ತದೆ. ಸರಿಪಡಿಸೋ ಜಾಗ ವಿಂಚ್ ಪೋಸ್ಟ್, ಅಂದರೆ ಬೋಟಿನ ಮೂತಿ ಬಂದು ತಾಗುವ ಟ್ರೇಲರ್ ಮುಂದಿನ ಕಂಬ. ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಬೋಟೂ ಮುಂದೆ ಬರುತ್ತದೆ, ಆದರೆ ಟ್ರಾನ್ಸಮ್ (ಇಂಜಿನ್ ಕೂರುವ ಹಿಂದಿನ ಗೋಡೆ) ಕೆಳಗೆ ಆಧಾರ ಉಳಿದಿರಬೇಕು, ಗಾಳಿಯಲ್ಲಿ ನಿಲ್ಲಬಾರದು. ಓಡಾಟದಲ್ಲಿ ಟ್ರೇಲರ್ ತೂಗಾಡಿದರೆ ಯೂಟ್‌ನ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ನೇರಮಾಡುವ ಸಾಹಸವಂತೂ ಬೇಡವೇ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಯೂಟ್‌ನೊಳಗೆ ಟ್ರೇಲರ್ ಬ್ರೇಕಿನ ಕಂಟ್ರೋಲರ್ ಇದ್ದರೆ ಕೈಯಿಂದ ಟ್ರೇಲರ್‌ನ ಬ್ರೇಕ್ ಮಾತ್ರ ಮೆಲ್ಲಗೆ ಹಾಕಿ.

ಬ್ರೇಕ್ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದಲ್ಲಿ ಜಿಟಿಎಂ, ಅಂದರೆ ಯೂಟ್‌ಗೆ ಜೋಡಿಸಿದಾಗ ಟ್ರೇಲರ್ ಚಕ್ರಗಳ ಮೇಲೆ ಬೀಳುವ ತೂಕ, 2000 ಕೆಜಿ ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು, ಟ್ರೇಲರ್ ಕಳಚಿಕೊಂಡರೆ ತಾನಾಗಿ ಹಿಡಿದು ಕನಿಷ್ಠ 15 ನಿಮಿಷ ಬಿಡದಿರುವ ಬ್ರೇಕ್‌ಅವೇ ವ್ಯವಸ್ಥೆಯೂ ಬೇಕು. ನಿಮ್ಮ ಟ್ರೇಲರ್ ಈ ಗುಂಪಿಗೆ ಬರುತ್ತದೆ. ಬರೀ ಓವರ್‌ರೈಡ್ ಬ್ರೇಕ್ (ಟ್ರೇಲರ್ ಮುಂದಕ್ಕೆ ತಳ್ಳಿದಾಗ ಆ ತಳ್ಳಿಗೇ ಹಿಡಿಯುವಂಥದ್ದು) ಇದ್ದರೆ ಕೊಳ್ಳಬೇಡಿ. ಉಪ್ಪುನೀರಿಗೆ ಇಳಿಯೋ ಟ್ರೇಲರ್‌ಗೆ ಎಲೆಕ್ಟ್ರಿಕ್-ಹೈಡ್ರಾಲಿಕ್ (ಕರೆಂಟ್ ಪಂಪಿನಿಂದ ದ್ರವದ ಒತ್ತಡ ಕೊಡುವ) ಬ್ರೇಕ್ ಒಳ್ಳೆಯದು, ಡ್ರಮ್ ಒಳಗಿನ ಎಲೆಕ್ಟ್ರಿಕ್ ಬ್ರೇಕ್ ಬೇಗ ತುಕ್ಕು ಹಿಡಿಯುತ್ತದೆ. ಎಟಿಎಂ 2500 ದಾಟಿದ್ದಕ್ಕೆ ಎರಡು ಸುರಕ್ಷತಾ ಸರಪಳಿ ಬೇಕು. ಟೋ ಬಾಲ್ ಕೂರುವ ಕಂಬಿ, ಟೋ ಬಾರ್‌ಗೂ ಅದರದೇ ಫಲಕ ಇರುತ್ತದೆ, ಅದನ್ನೂ ಬಗ್ಗಿ ಓದಿ. ಹೊರಗೆ ಹಾಕಿಸಿದ್ದಾದರೆ 2500 ಎಂದಿದ್ದರೂ ಇರಬಹುದು. ಇಡೀ ಸರಣಿಯಲ್ಲಿ ಅತಿ ಚಿಕ್ಕ ಅಂಕಿ ಯಾವುದೋ ಅದೇ ನಿಮ್ಮ ಮಿತಿ.

ನಾನಾದರೆ ಏನು ಮಾಡುತ್ತಿದ್ದೆ? ದುಡ್ಡು ಕೊಡುವ ಮೊದಲೇ 3200 ಎಟಿಎಂನ ಟ್ರೇಲರ್ ಕೇಳುತ್ತಿದ್ದೆ. ಅದು ತಾನೇ 50-100 ಕೆಜಿ ಜಾಸ್ತಿ ತೂಗಬಹುದು, ಪರವಾಗಿಲ್ಲ, ಲೆಕ್ಕ ಸರಿಹೋಗುತ್ತದೆ. ಆಮೇಲೆ ಬದಲಾಯಿಸೋದಕ್ಕಿಂತ ಈಗ ಕೇಳೋದು ಎಷ್ಟೋ ಅಗ್ಗ. ಅವರು ಒಪ್ಪದಿದ್ದರೆ, ಬೋಟಿಗೆ 50 ಲೀಟರ್ ಮಾತ್ರ ಹಾಕಿಸಿ ಹೊರಡಿ, ಉಳಿದದ್ದು ಲೇಕ್ಸ್ ಎಂಟ್ರೆನ್ಸ್‌ನಲ್ಲೇ ತುಂಬಿಸಿ. 320 ಕಿಲೋಮೀಟರ್ ಉದ್ದಕ್ಕೂ ಸುಮ್ನೆ 150 ಕೆಜಿ ಪೆಟ್ರೋಲ್ ಹೊತ್ತೊಯ್ಯೋದು ಯಾಕೆ? ಆದರೂ ಅಷ್ಟು ಇಕ್ಕಟ್ಟಿನಲ್ಲಿ ಓಡಿಸೋದು ನನಗೆ ಇಷ್ಟವಿಲ್ಲ. ಮಿತಿ ಮೀರಿದ್ದಾಗ ಅಪಘಾತವಾದರೆ ವಿಮೆಯವರು ಹಣ ಕೊಡಲು ನಿರಾಕರಿಸಬಹುದು, ಹಿಂದಿನ ಸೀಟಿನಲ್ಲಿ ಮಕ್ಕಳೂ ಇರುತ್ತಾರೆ.

ಮೇಲಿನದ್ದೆಲ್ಲ ಕಾಗದದ ಲೆಕ್ಕ. ನಿಜ ತಿಳಿಯೋದು ಸಾರ್ವಜನಿಕ ವೇ ಬ್ರಿಡ್ಜ್ (ಗಾಡಿ ತೂಗುವ ಕಟ್ಟೆ) ಮೇಲೆ. ಪ್ರವಾಸಕ್ಕೆ ಹೊರಡುವ ಹಾಗೆಯೇ ಎಲ್ಲ ತುಂಬಿ, ಎಲ್ಲರೂ ಕೂತು ಹೋಗಿ. ಮೊದಲು ಜೋಡಿಸಿದ ಹಾಗೇ ಎರಡನ್ನೂ ಒಟ್ಟಿಗೆ ತೂಗಿ. ಆಮೇಲೆ ಯೂಟ್‌ನ ನಾಲ್ಕು ಚಕ್ರ ಮಾತ್ರ, ನಂತರ ಯೂಟ್‌ನ ಹಿಂದಿನ ಆಕ್ಸಲ್ ಮಾತ್ರ, ಆಮೇಲೆ ಟ್ರೇಲರ್ ಚಕ್ರ ಮಾತ್ರ. ಕೊನೆಗೆ ಟ್ರೇಲರ್ ಕಳಚಿ ಅದನ್ನೊಂದೇ ತೂಗಿ. ಕಳಚಿದ ತೂಕದಲ್ಲಿ ಜೋಡಿಸಿದಾಗಿನ ಚಕ್ರದ ತೂಕ ಕಳೆದರೆ ಬಾಲ್ ಮೇಲಿನ ಭಾರ ಸಿಕ್ಕಿತು. ಆ ಚೀಟಿಯ ಅಂಕಿಗಳನ್ನು, ಟ್ರೇಲರ್ ಟೈರ್ ಮೇಲಿನ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ ಸಂಖ್ಯೆ) ಸಮೇತ, ಇಲ್ಲೇ ಬರೆಯಿರಿ. ಮತ್ತೆ ಕೂತು ಲೆಕ್ಕ ನೋಡೋಣ.